ಪರದೆ ಬೆಳಗಿದೆ, ಕಂಪ್ಯೂಟರ್ ಮೌನವಾಗಿದೆ

ನಮಸ್ಕಾರ. ಹಾರ್ಡ್‌ವೇರ್ ವಾಲೆಟ್, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಕೀಲಿಯನ್ನು ಕಾಯುವ ಪುಟ್ಟ ಸಾಧನ, ಕಂಪ್ಯೂಟರಿಗೋ ಫೋನಿಗೋ ಸಂಪರ್ಕಗೊಳ್ಳದೆ ಸತಾಯಿಸಿದಾಗ ಏನು ಮಾಡಬೇಕು ಎಂಬುದು ಇಂದಿನ ವಿಷಯ. ಆದರೆ ಏನು ಮಾಡಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಕೆಲವರು ವಾಲೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ, ಎದೆ ಡವಗುಟ್ಟುತ್ತಿರುವಾಗಲೇ ಇದನ್ನು ಕೇಳುತ್ತಿರಬಹುದು. ನಿಮ್ಮ 12 ಅಥವಾ 24 ಪದಗಳ ರಿಕವರಿ ಫ್ರೇಸನ್ನು, ಅಂದರೆ ವಾಲೆಟ್ಟನ್ನು ಮರಳಿ ಪಡೆಯಲೆಂದು ಬರೆದಿಟ್ಟುಕೊಂಡ ಗುಟ್ಟಿನ ಪದಗಳನ್ನು, ಯಾವ ವೆಬ್‌ಸೈಟಿನಲ್ಲೂ, ಯಾವ ಆ್ಯಪ್‌ನಲ್ಲೂ, ಯಾವ ಚಾಟ್‌ನಲ್ಲೂ ಟೈಪ್ ಮಾಡಬೇಡಿ. ಸಂಪರ್ಕದ ಯಾವ ದೋಷವೂ ಆ ಪದಗಳಿಂದ ಸರಿಯಾಗುವುದಿಲ್ಲ.

ಇಷ್ಟು ಸರಳವಾದ ಮಾತನ್ನು ಜನ ಮರೆಯುವುದು ದಡ್ಡತನದಿಂದಲ್ಲ, ಭಯದಿಂದ. ಪರ್ಸಿನಲ್ಲಿ ನೋಟು ಇರುವಂತೆ ಈ ಪುಟ್ಟ ಸಾಧನದೊಳಗೆ ಬಿಟ್‌ಕಾಯಿನ್ ಇದೆ ಎಂದು ನಮ್ಮ ಮನಸ್ಸು ನಂಬಿಕೊಂಡಿರುತ್ತದೆ, ಮತ್ತು 'ವಾಲೆಟ್' ಎಂಬ ಹೆಸರೇ ಆ ತಪ್ಪು ಕಲ್ಪನೆಗೆ ನೀರೆರೆಯುತ್ತದೆ. ನಿಜದಲ್ಲಿ ಲೆಕ್ಕವೆಲ್ಲ ಇರುವುದು ಬ್ಲಾಕ್‌ಚೈನ್ ಎಂಬ, ಜಾಲದ ಅನೇಕ ಕಂಪ್ಯೂಟರುಗಳಲ್ಲಿ ಹರಡಿರುವ ಲೆಕ್ಕದ ಪುಸ್ತಕದಲ್ಲಿ; ಸಾಧನದೊಳಗಿರುವುದು ಆ ಹಣವನ್ನು ಕದಲಿಸಲು ಬೇಕಾದ ಸಹಿಯ ಕೀಲಿ ಮಾತ್ರ, ಆ ಕೀಲಿಯೂ 2048 ಪದಗಳ ಪಟ್ಟಿಯಿಂದ ಆಯ್ದ ನಿಮ್ಮ ಪದಗಳಿಂದ ಮತ್ತೆ ಹುಟ್ಟಬಲ್ಲದು. ಆದ್ದರಿಂದ 'ಸಾಧನ ಸಂಪರ್ಕದಲ್ಲಿಲ್ಲ' ಎಂಬ ಸಂದೇಶಕ್ಕೂ 'ಹಣ ಹೋಯಿತು' ಎಂಬ ಗಾಬರಿಗೂ ಯಾವ ಸಂಬಂಧವೂ ಇಲ್ಲ. ಹಾಗಿದ್ದರೂ ರಾತ್ರಿ ಹನ್ನೊಂದು ಗಂಟೆಗೆ ಆ ಸಂದೇಶ ಕಣ್ಣಿಗೆ ಬಿದ್ದಾಗ ಹಗ್ಗವೂ ಹಾವಾಗಿ ಕಾಣುತ್ತದೆ ಎಂಬುದು ನನಗೂ ಗೊತ್ತು.

ನನ್ನದೇ ಒಂದು ಸಂಜೆಯನ್ನು ಹೇಳುತ್ತೇನೆ. ವಾಲೆಟ್ಟನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಪರದೆ ಬೆಳಗಿತು, ಪಿನ್ ಕೇಳಿತು, ಪಿನ್ ಒತ್ತಿದೆ, ತೆರೆದುಕೊಂಡಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ 'ನಿಮ್ಮ ಸಾಧನವನ್ನು ಸಂಪರ್ಕಿಸಿ' ಎಂಬ ಸಾಲು ಕದಲಲೇ ಇಲ್ಲ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ಆಂಟಿವೈರಸ್ಸನ್ನು ಬೈದೆ. ಒಂದೂವರೆ ಗಂಟೆ ಕಳೆದ ಮೇಲೆ ಹೊಳೆದದ್ದು ಏನೆಂದರೆ, ಅವಸರದಲ್ಲಿ ನಾನು ಕೈಗೆತ್ತಿಕೊಂಡಿದ್ದು ಗಡ್ಡ ಟ್ರಿಮ್ ಮಾಡುವ ಯಂತ್ರದ ಜೊತೆ ಬಂದಿದ್ದ ಕೇಬಲ್ಲನ್ನು. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ, ಎರಡು ವಿದ್ಯುತ್ತಿಗೆ, ಎರಡು ಡೇಟಾಕ್ಕೆ. ಚಾರ್ಜಿಂಗಿಗೆಂದೇ ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಸಾಧನಕ್ಕೆ ಜೀವ ಬರುತ್ತದೆ, ಬಾಯಿ ಬರುವುದಿಲ್ಲ. ಪರದೆ ಬೆಳಗಿದ್ದರಿಂದ ಕೇಬಲ್ ಸರಿಯಿದೆ ಎಂದು ತೀರ್ಮಾನಿಸಿದ್ದೇ ನನ್ನ ತಪ್ಪು. ಅದೇ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋಟೊಗಳು ಕಾಣುತ್ತವೆಯೋ ಇಲ್ಲವೋ ನೋಡಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು.

ನನ್ನ ತಕರಾರು ಇರುವುದು ಇಲ್ಲಿಯೇ. ತನಗೆ ವಿದ್ಯುತ್ ಬರುತ್ತಿದೆ, ಆದರೆ ಆಚೆ ಬದಿಯ ಕಂಪ್ಯೂಟರ್ ತನ್ನನ್ನು ಗುರುತಿಸಿಲ್ಲ ಎಂಬುದು ಯಾವುದೇ ಯುಎಸ್‌ಬಿ ಸಾಧನಕ್ಕೆ ತಿಳಿದಿರುತ್ತದೆ, ಏಕೆಂದರೆ ಗುರುತಿಸಿದ ಕೂಡಲೇ ಕಂಪ್ಯೂಟರ್ ಅದಕ್ಕೊಂದು ವಿಳಾಸ ಕೊಡುತ್ತದೆ. 'ವಿದ್ಯುತ್ ಬರುತ್ತಿದೆ, ಡೇಟಾ ಬರುತ್ತಿಲ್ಲ, ಕೇಬಲ್ ಬದಲಿಸಿ ನೋಡಿ' ಎಂಬ ಒಂದು ಸಾಲನ್ನು ತನ್ನ ಪರದೆಯ ಮೇಲೆ ತೋರಿಸಲು ಅದಕ್ಕೆ ಏನು ಅಡ್ಡಿ? ಸಾವಿರಾರು ಜನರ ಉಳಿತಾಯವನ್ನು ಕಾಯುವ ಯಂತ್ರವೊಂದು ಹತ್ತು ಬಗೆಯ ದೋಷಗಳಿಗೆ ಒಂದೇ ಸಂದೇಶ ತೋರಿಸುವುದನ್ನು ನಾನು ಸಣ್ಣ ಅನನುಕೂಲವೆಂದು ಒಪ್ಪುವುದಿಲ್ಲ. ಅದು ಭದ್ರತೆಯ ಲೋಪ. ಅಸ್ಪಷ್ಟ ಸಂದೇಶ ಬಳಕೆದಾರನನ್ನು ಸರ್ಚ್ ಎಂಜಿನ್‌ಗೆ ಅಟ್ಟುತ್ತದೆ, ಮತ್ತು ಕಳ್ಳರು ಅಂಗಡಿ ತೆರೆದಿರುವುದು ಅಲ್ಲಿಯೇ.

ಆದ್ದರಿಂದ ಮೊದಲ ಪ್ರಶ್ನೆ, ಕಂಪ್ಯೂಟರಿಗೆ ಸಾಧನ ಕಾಣುತ್ತಿದೆಯೇ ಎಂಬುದು. ವಾಲೆಟ್ಟಿನ ತಂತ್ರಾಂಶವನ್ನು ಮರೆತುಬಿಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದಿಟ್ಟುಕೊಂಡು ಸಾಧನವನ್ನು ಚುಚ್ಚಿ, ತೆಗೆಯಿರಿ (ಮ್ಯಾಕ್‌ನಲ್ಲಿ ಪಟ್ಟಿ ತಾನಾಗಿ ಬದಲಾಗುವುದಿಲ್ಲ, ಪ್ರತಿ ಸಲ ಕಮಾಂಡ್-ಆರ್ ಒತ್ತಬೇಕು). ಪಟ್ಟಿಯಲ್ಲಿ ಏನೂ ಬದಲಾಗದಿದ್ದರೆ ದೋಷ ಕೇಬಲ್ಲಿನಲ್ಲೋ, ಪೋರ್ಟಿನಲ್ಲೋ, ನಡುವೆ ಕೂತ ಯುಎಸ್‌ಬಿ ಹಬ್ಬಿನಲ್ಲೋ ಇದೆ. ತಂತ್ರಾಂಶವನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಉಪಯೋಗವಿಲ್ಲ. ಪಟ್ಟಿಯಲ್ಲಿ ಕಾಣಿಸಿಕೊಂಡರೆ ಕೇಬಲ್ ನಿರಪರಾಧಿ.

ಹಾಗೆ ಕಾಣಿಸಿಕೊಂಡೂ ವಾಲೆಟ್ಟಿನ ತಂತ್ರಾಂಶಕ್ಕೆ ಸಿಗದಿದ್ದರೆ ಸಾಧನವನ್ನು ಬೇರೆ ಯಾರಾದರೂ ಹಿಡಿದುಕೊಂಡಿದ್ದಾರೆಯೇ ಎಂದು ನೋಡಬೇಕು, ನನ್ನ ಅನುಭವದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗವಿದು. ಇಂಥ ಸಾಧನದೊಂದಿಗೆ ಒಂದು ಸಲಕ್ಕೆ ಒಂದು ತಂತ್ರಾಂಶ ಮಾತ್ರ ಮಾತನಾಡಬಲ್ಲದು. ಲೆಡ್ಜರ್ ಕಂಪನಿಯ ವಾಲೆಟ್ಟಿನ ತಂತ್ರಾಂಶ (2025ರವರೆಗೆ ಇದರ ಹೆಸರು ಲೆಡ್ಜರ್ ಲೈವ್) ಹಿನ್ನೆಲೆಯಲ್ಲಿ ತೆರೆದಿರುವಾಗ, ಬ್ರೌಸರಿನೊಳಗಿನ ವಾಲೆಟ್ ತಂತ್ರಾಂಶವಾದ ಮೆಟಾಮಾಸ್ಕ್ ಅದೇ ಸಾಧನವನ್ನು ಕರೆದರೆ ಉತ್ತರ ಬಾರದೆ ಹೋಗಬಹುದು. ಇನ್ನೊಂದು ತಯಾರಕರಾದ ಟ್ರೆಜರ್‌ನ ತಂತ್ರಾಂಶ ಟ್ರೆಜರ್ ಸೂಟ್ ಎರಡು ಕಡೆ ತೆರೆದಿದ್ದರೂ ಇದೇ ಕಥೆ. ಇನ್ನು ಲೆಡ್ಜರ್‌ನಲ್ಲಿ ಪಿನ್ ಒತ್ತಿದರೆ ಸಾಲದು, ಬಿಟ್‌ಕಾಯಿನ್‌ನಂಥದೇ ಇನ್ನೊಂದು ಜಾಲವಾದ ಇಥೀರಿಯಂನ ವ್ಯವಹಾರಕ್ಕೆ ಸಾಧನದೊಳಗಿನ ಇಥೀರಿಯಂ ಆ್ಯಪನ್ನೂ ತೆರೆದಿರಬೇಕು. ಸಾಧನ ಮುಖಪುಟದಲ್ಲೇ ನಿಂತಿದ್ದರೆ, ಅಥವಾ ನೀವು ಬೇರೆ ಕೆಲಸದಲ್ಲಿದ್ದಾಗ ತಾನಾಗಿಯೇ ಲಾಕ್ ಆಗಿದ್ದರೆ, ಬ್ರೌಸರಿನಲ್ಲಿ ಕಾಣುವುದು ಅದೇ ಹಳೆಯ ರಾಗ.

ಬ್ರೌಸರ್ ಎಂದಾಗ ನೆನಪಾಯಿತು. ವೆಬ್‌ಪುಟವೊಂದು ಯುಎಸ್‌ಬಿ ಸಾಧನದೊಂದಿಗೆ ನೇರವಾಗಿ ಮಾತನಾಡಲು ಬೇಕಾದ ವೆಬ್‌ಯುಎಸ್‌ಬಿ ಸೌಲಭ್ಯ ಕ್ರೋಮ್‌ಗೆ 2017ರಲ್ಲಿ ಬಂತು. ಎಡ್ಜ್ ಮುಂತಾದ ಅದರ ಬಂಧುಗಳಲ್ಲೂ ಇದೆ, ಸಫಾರಿಯಲ್ಲಿ ಇಲ್ಲ. ಐಫೋನಿನಲ್ಲೋ ಸಫಾರಿಯಲ್ಲೋ ಪುಟ ತೆರೆದು ಸಾಧನ ಸಿಗುತ್ತಿಲ್ಲವೆಂದು ಗೋಳಾಡಿದರೆ ಸಾಧನದ ತಪ್ಪೇನೂ ಇಲ್ಲ. ಲಿನಕ್ಸ್ ಬಳಸುವವರಿಗೆ ಬೇರೆಯದೇ ಪಾಡು: ಸಾಮಾನ್ಯ ಬಳಕೆದಾರನಿಗೆ ಸಾಧನವನ್ನು ಮುಟ್ಟುವ ಅನುಮತಿ ಕೊಡುವ ಯುಡೆವ್ ನಿಯಮಗಳ ಕಡತವನ್ನು ಒಮ್ಮೆ ಹಾಕಬೇಕಾಗುತ್ತದೆ. ಅದಿಲ್ಲದಿದ್ದರೆ ಸಾಧನ ಪಟ್ಟಿಯಲ್ಲಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳಲಾರೆ, ಅಲ್ಲಿ ಹೆಚ್ಚಿನ ಜಗಳ ಜೋಡಣೆಯ ಹಳೆಯ ನೆನಪಿನದು. ಫೋನಿನಲ್ಲಿ ಜೋಡಣೆಯನ್ನು ಅಳಿಸಿದವರು ಸಾಧನದಲ್ಲಿ ಅಳಿಸುವುದಿಲ್ಲ. ಎರಡೂ ಕಡೆ ಅಳಿಸಿ ಹೊಸದಾಗಿ ಜೋಡಿಸಬೇಕು. ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ಲೊಕೇಶನ್ ಅನುಮತಿ ಕೊಡದೆ ಹತ್ತಿರದ ಬ್ಲೂಟೂತ್ ಸಾಧನವನ್ನು ಹುಡುಕಲು ಆಗುವುದಿಲ್ಲ ಎಂಬುದು ಅನೇಕರಿಗೆ ಅನುಮಾನ ಹುಟ್ಟಿಸುತ್ತದೆ, ಆದರೆ ಅದು ಆ ಕಾಲದ ಆಂಡ್ರಾಯ್ಡ್ ವ್ಯವಸ್ಥೆಯ ನಿಯಮ.

ಈಗ ಮೊದಲ ಎಚ್ಚರಿಕೆಗೆ ಮರಳುತ್ತೇನೆ. 2020ರಲ್ಲಿ ಲೆಡ್ಜರ್ ಕಂಪನಿಯ ಗ್ರಾಹಕರ ಮಾಹಿತಿ ಸೋರಿ, ಸುಮಾರು 2,72,000 ಜನರ ಹೆಸರು, ಅಂಚೆ ವಿಳಾಸ, ಫೋನ್ ಸಂಖ್ಯೆಗಳು ಆ ವರ್ಷದ ಕೊನೆಗೆ ಬಯಲಾದವು. ಸಾಧನಗಳು ಒಡೆಯಲಿಲ್ಲ, ಯಾರ ಮನೆಯಲ್ಲಿ ಸಾಧನವಿದೆ ಎಂಬ ಪಟ್ಟಿ ಕಳ್ಳರ ಕೈ ಸೇರಿತು, ಆಮೇಲೆ ನಕಲಿ ಮಿಂಚಂಚೆಗಳ ಸುರಿಮಳೆಯಾಯಿತು. 2023ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಸ್ಟೋರಿನಲ್ಲೇ ಲೆಡ್ಜರ್ ಲೈವ್ ಹೆಸರಿನ ನಕಲಿ ಆ್ಯಪ್ ಒಂದು ಕುಳಿತು, 16ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳನ್ನು ನುಂಗಿತು. ಇಂಥ ನಕಲಿ ಆ್ಯಪ್‌ಗಳು ಆಡುವ ನಾಟಕ ನಾನು ಈವರೆಗೆ ವಿವರಿಸಿದ ದೃಶ್ಯದ್ದೇ: 'ಸಂಪರ್ಕ ವಿಫಲವಾಗಿದೆ, ಮುಂದುವರಿಯಲು ರಿಕವರಿ ಫ್ರೇಸ್ ನಮೂದಿಸಿ.' ನಿಜವಾದ ಸಂದೇಶ ಅಷ್ಟು ಮಂಕಾಗಿರುವುದರಿಂದಲೇ ಸುಳ್ಳು ಸಂದೇಶ ಸಹಜವೆನಿಸುತ್ತದೆ. ಮೊದಲ ತಲೆಮಾರಿನ ಟ್ರೆಜರ್‌ನಲ್ಲಿ ಪದಗಳನ್ನು ಕಂಪ್ಯೂಟರಿನಲ್ಲಿ, ಸಾಧನ ಹೇಳಿದ ಅಡ್ಡಾದಿಡ್ಡಿ ಕ್ರಮದಲ್ಲಿ ಟೈಪ್ ಮಾಡಿಸುವ ಒಂದು ವಿಧಾನ ಇದ್ದದ್ದು ನಿಜ. ಆದರೆ ಅದು ಖಾಲಿ ಸಾಧನಕ್ಕೆ ಕೀಲಿಯನ್ನು ಮರಳಿ ತುಂಬಲೆಂದು, ಸಂಪರ್ಕ ಸಿಗದಿದ್ದಾಗ ಅಲ್ಲ.

ಇನ್ನೊಂದು ಸಲಹೆ ಎಲ್ಲೆಡೆ ಕೇಳಿಬರುತ್ತದೆ: 'ಒಮ್ಮೆ ರೀಸೆಟ್ ಮಾಡಿ ನೋಡಿ.' ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ವೈದ್ಯ. ರೀಸೆಟ್ ಮಾಡಿದರೆ ಕೀಲಿ ಅಳಿಸುತ್ತದೆ, ಕೇಬಲ್ ಹಾಗೆಯೇ ಇರುತ್ತದೆ. ಲೆಡ್ಜರ್‌ನಲ್ಲಿ ಮೂರು ಸಲ, ಟ್ರೆಜರ್‌ನಲ್ಲಿ ಅದಕ್ಕಿಂತ ಹೆಚ್ಚು ಸಲ ಪಿನ್ ತಪ್ಪಿದರೂ ಸಾಧನ ತಾನೇ ಅಳಿಸಿಕೊಳ್ಳುತ್ತದೆ ಎಂಬುದನ್ನು ಗಾಬರಿಯಲ್ಲಿ ಗುಂಡಿ ಒತ್ತುವವರು ನೆನಪಿಡಬೇಕು. ಪದಗಳನ್ನು ಬರೆದಿಟ್ಟ ಕಾಗದ ಕಣ್ಣೆದುರಿಗಿದೆ, ಅಕ್ಷರಗಳು ಓದುವಂತಿವೆ ಎಂದು ಖಚಿತವಾಗುವವರೆಗೆ ರೀಸೆಟ್ ಆಗಲಿ, ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಲಿ ಬೇಡವೇ ಬೇಡ.

ಎಲ್ಲ ಪ್ರಯತ್ನದ ಮೇಲೂ, ಎರಡನೆಯ ಕೇಬಲ್ಲಿಗೂ ಬೇರೊಂದು ಕಂಪ್ಯೂಟರಿಗೂ ಸ್ಪಂದಿಸದಿದ್ದರೆ ಸಾಧನ ಸತ್ತಿದೆ ಎಂದೇ ತಿಳಿಯಿರಿ, ಸಾಯುವ ಹಕ್ಕು ಅದಕ್ಕೂ ಇದೆ. ತಯಾರಕರಿಂದ ನೇರವಾಗಿ ತರಿಸಿದ ಹೊಸದೊಂದನ್ನು ತೆರೆದು, ಪದಗಳನ್ನು ಅದರ ಪುಟ್ಟ ಪರದೆಯ ಮೇಲೆಯೇ ಒಂದೊಂದಾಗಿ ಆರಿಸುತ್ತಾ ಹೋಗಿ. ಬೇಸರದ ಕೆಲಸವದು, ಅರ್ಧ ಗಂಟೆ ಹಿಡಿದರೂ ಹಿಡಿಯಬಹುದು. ಕೊನೆಯ ಪದ ಮುಗಿದು, ಸರಿಯಾದ ಕೇಬಲ್ ಹಾಕಿ, ತಂತ್ರಾಂಶ ತೆರೆದಾಗ ಹಳೆಯ ವಿಳಾಸಗಳು, ಹಳೆಯ ಮೊತ್ತ ಇದ್ದ ಹಾಗೆಯೇ ಕಾಣುತ್ತವೆ.