ಹತ್ತಿರದವರು ತೀರ್ಪುಗಾರರಲ್ಲ, ಸಾಕ್ಷಿಗಳು

ಎಲ್ಲರಿಗೂ ನಮಸ್ಕಾರ.

ಒಬ್ಬರು ಐಸಿಯುನಲ್ಲಿ ಮಲಗಿದ್ದಾರೆ. ಪ್ರಜ್ಞೆಯಿಲ್ಲ, ಬರುತ್ತದೆ ಎಂಬ ಭರವಸೆಯನ್ನೂ ಡಾಕ್ಟರು ಕೊಡುತ್ತಿಲ್ಲ. ಉಸಿರಾಟ ವೆಂಟಿಲೇಟರಿನಿಂದ, ಆಹಾರ ನಳಿಕೆಯಿಂದ. ಇದನ್ನು ಮುಂದುವರಿಸಿ ಎನ್ನಬೇಕಾದವರು, ಇಲ್ಲವೇ ಸಾಕು ಎನ್ನಬೇಕಾದವರು ಯಾರು? ಹೀಗೆ ಕೇಳಿದ ಕೂಡಲೇ ನಾವೆಲ್ಲ ಹಕ್ಕುದಾರರ ಸಾಲು ಕಟ್ಟತೊಡಗುತ್ತೇವೆ. ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು. ಆಸ್ತಿ ಪಾಲಿಗೆ ಕೂತ ಹಾಗೆ. ಕೆಲವು ಕಾನೂನುಗಳೂ ಹೀಗೇ ಪಟ್ಟಿ ಮಾಡಿಟ್ಟಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 1996ರ ಕಾಯ್ದೆಯಲ್ಲಿ ಅಂಥದೊಂದು ಪಟ್ಟಿ ಇದೆ.

ಪಟ್ಟಿ ಬೇಡ ಅಂತ ನಾನು ಹೇಳುವುದಿಲ್ಲ. ಯಾರ ಹತ್ತಿರ ಮಾತಾಡಬೇಕು ಎಂಬುದು ಆಸ್ಪತ್ರೆಗೆ ಗೊತ್ತಿರಲೇಬೇಕು. ಆದರೆ ಹಾಗೆ ಕರೆಸಿಕೊಂಡವರನ್ನು ಏನು ಕೇಳುತ್ತೇವೆ? ನನ್ನ ಚಿಂತೆ ಅದರದ್ದು. ಹತ್ತಿರದವರನ್ನು ತೀರ್ಪು ಕೊಡಲು ಕೂರಿಸಬಾರದು, ಸಾಕ್ಷಿ ಹೇಳಲು ಕರೆಯಬೇಕು. ಹಾಸಿಗೆಯಲ್ಲಿರುವ ಈ ಮನುಷ್ಯ ಎಂಥವರು, ಯಾವುದಕ್ಕೆ ಒಪ್ಪುತ್ತಿದ್ದರು, ಯಾವುದನ್ನು ಸಹಿಸುತ್ತಲೇ ಇರಲಿಲ್ಲ ಎಂಬುದಕ್ಕೆ ಸಾಕ್ಷಿ.

ಎರಡು ವಿಷಯಗಳನ್ನು ಇಲ್ಲೇ ಪಕ್ಕಕ್ಕಿಡುತ್ತೇನೆ. ಮಿದುಳು ಪೂರ್ತಿ ನಿಷ್ಕ್ರಿಯವಾಗಿದೆ ಎಂದು ನಿಯಮಬದ್ಧ ಪರೀಕ್ಷೆಗಳಿಂದ ಖಚಿತವಾದರೆ ಬಹಳಷ್ಟು ದೇಶಗಳು ಅದನ್ನು ಸಾವೆಂದೇ ಒಪ್ಪುತ್ತವೆ. ಅದು ಇವತ್ತಿನ ವಿಷಯವಲ್ಲ. ಇಂಜೆಕ್ಷನ್ ಕೊಟ್ಟು ಜೀವ ಕೊನೆಗೊಳಿಸುವುದೂ ಇವತ್ತಿನ ವಿಷಯವಲ್ಲ. ಜೀವವನ್ನು ಹಿಡಿದಿಟ್ಟಿರುವ ಚಿಕಿತ್ಸೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಈ ಚರ್ಚೆ ಕೋರ್ಟು ಹತ್ತಿ ಲೋಕಕ್ಕೆಲ್ಲ ಕೇಳಿಸಿದ್ದು ಅಮೆರಿಕದ ಕರೆನ್ ಆನ್ ಕ್ವಿನ್ಲನ್ ಪ್ರಕರಣದಿಂದ. 1975ರಲ್ಲಿ 21ರ ಹುಡುಗಿ ಪ್ರಜ್ಞೆ ಕಳೆದುಕೊಂಡಳು. ವೆಂಟಿಲೇಟರ್ ತೆಗೆಯಿರಿ ಎಂದು ತಂದೆ ತಾಯಿ ಕೇಳಿಕೊಂಡರು, ಡಾಕ್ಟರು ಒಪ್ಪಲಿಲ್ಲ. 1976ರ ಮಾರ್ಚ್ 31ರಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ತಂದೆಯನ್ನು ಅವಳ ಪಾಲಕರೆಂದು ನೇಮಿಸಿತು. ಆ ತೀರ್ಪಿನ ಜೀವಾಳ ಇರುವುದು ಒಂದು ಸೂಕ್ಷ್ಮದಲ್ಲಿ. ಚಿಕಿತ್ಸೆ ಬೇಡವೆನ್ನುವ ಹಕ್ಕು ಮಗಳದು, ತಂದೆ ಅದನ್ನು ಅವಳ ಪರವಾಗಿ ಚಲಾಯಿಸುತ್ತಾರೆ, ಅಷ್ಟೇ. ಹಕ್ಕು ಕೈ ಬದಲಾಯಿಸುವುದಿಲ್ಲ.

ಅಂದಹಾಗೆ, ವೆಂಟಿಲೇಟರ್ ತೆಗೆದ ಮೇಲೆ ಕರೆನ್ ತಾನಾಗಿಯೇ ಉಸಿರಾಡಿದಳು. 1985ರ ಜೂನ್‌ವರೆಗೆ ಬದುಕಿದ್ದಳು. ಆಹಾರದ ನಳಿಕೆ ತೆಗೆಯಿರಿ ಎಂದು ಆ ತಂದೆ ತಾಯಿ ಎಂದೂ ಕೇಳಲಿಲ್ಲ. ಯಂತ್ರ ತೆಗೆಯಿರಿ ಎನ್ನುವ ಹೆತ್ತವರನ್ನು ಮಗಳ ಸಾವು ಬಯಸುವವರು ಎಂದು ನೋಡುವವರು ಈ ಒಂಬತ್ತು ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕು.

ಸಾಕ್ಷಿ ಎಂಬ ನನ್ನ ಮಾತಿಗೆ ಇನ್ನೂ ಹತ್ತಿರದ್ದು ನ್ಯಾನ್ಸಿ ಕ್ರೂಜನ್ ಪ್ರಕರಣ. 1983ರಲ್ಲಿ ಮಿಸೌರಿ ರಾಜ್ಯದಲ್ಲಿ ಕಾರು ಅಪಘಾತ, ಆಗ ಆಕೆಗೆ 25 ವರ್ಷ. ಕೆಲವು ವರ್ಷಗಳ ನಂತರ ತಂದೆ ತಾಯಿ ನಳಿಕೆ ತೆಗೆಯಲು ಅನುಮತಿ ಕೇಳಿದರು. ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1990ರ ಜೂನ್‌ನಲ್ಲಿ ಐದಕ್ಕೆ ನಾಲ್ಕರ ಬಹುಮತದ ತೀರ್ಪು ಬಂತು. ರೋಗಿಯ ಇಚ್ಛೆ ಇದೇ ಆಗಿತ್ತು ಎನ್ನಲು ಸ್ಪಷ್ಟವಾದ, ಮನವರಿಕೆಯಾಗುವ ಪುರಾವೆ ಬೇಕು ಎಂದು ರಾಜ್ಯ ಪಟ್ಟು ಹಿಡಿದರೆ ಅದರಲ್ಲಿ ತಪ್ಪಿಲ್ಲ ಎಂದಿತು ಕೋರ್ಟು. ಇದು ನನಗೆ ಕ್ರೂರವಾಗಿ ಕಾಣುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ತನ್ನ ಸಾವಿನ ಬಗ್ಗೆ ಪುರಾವೆ ಮಾಡಿಡುವವರು ಎಷ್ಟು ಜನ? ಆದರೆ ಆಮೇಲೆ ಆದದ್ದನ್ನು ಕೇಳಿ. ಹಿಂದೆ ನ್ಯಾನ್ಸಿಯ ಜೊತೆ ಕೆಲಸ ಮಾಡಿದ್ದವರು ಮುಂದೆ ಬಂದರು. ಇಂಥ ಸ್ಥಿತಿಯಲ್ಲಿ ಬದುಕುವುದು ತನಗೆ ಬೇಡ ಎಂಬರ್ಥದ ಮಾತನ್ನು ಆಕೆ ಆಡಿದ್ದು ಅವರಿಗೆ ನೆನಪಿತ್ತು. ಸ್ಥಳೀಯ ನ್ಯಾಯಾಧೀಶರು ಅನುಮತಿ ಕೊಟ್ಟರು. ಆ ಡಿಸೆಂಬರ್ 26ರಂದು ನ್ಯಾನ್ಸಿ ತೀರಿಕೊಂಡಳು. ಪ್ರಕರಣ ತಿರುಗಿದ್ದು ಯಾವ ಹಕ್ಕುದಾರರ ಪಟ್ಟಿಯಲ್ಲೂ ಇಲ್ಲದ ಸಹೋದ್ಯೋಗಿಗಳ ಮಾತಿನಿಂದ.

ಹಾಗಾದರೆ ನಿತ್ಯ ಜೊತೆಗಿದ್ದವರೇ ನಿರ್ಧರಿಸಲಿ ಎನ್ನೋಣವೇ? ಅರುಣಾ ಶಾನಭಾಗ್ ಅವರ ವಿಷಯದಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು. 1973ರ ನವೆಂಬರ್‌ನಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ ಹಲ್ಲೆಯಾಯಿತು. ಅಲ್ಲಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆಹಾರ ಕೊಡುವುದನ್ನು ನಿಲ್ಲಿಸಲಿ ಎಂದು ಕೇಳಿ ಅವರ ಪರವಾಗಿ ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾ ಅವರ ಆಪ್ತರ ಸ್ಥಾನದಲ್ಲಿ ನಿಂತು ಮಾತಾಡಬೇಕಾದವರು ವರ್ಷಾನುಗಟ್ಟಲೆ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಹೊರತು ಅರ್ಜಿದಾರರಲ್ಲ ಎಂದು 2011ರ ಮಾರ್ಚ್ 7ರಂದು ಕೋರ್ಟು ಹೇಳಿತು. ಸಿಬ್ಬಂದಿಗೆ ಅರುಣಾ ಬದುಕಿರಬೇಕಿತ್ತು. ರಕ್ತಸಂಬಂಧದ ಆಚೆಗೆ ನೋಡಿದ ಈ ತೀರ್ಪನ್ನು ನಾನು ಮೆಚ್ಚುತ್ತೇನೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಆ ನರ್ಸ್‌ಗಳ ಪ್ರೀತಿಯನ್ನು ಪ್ರಶ್ನಿಸುವ ಯೋಗ್ಯತೆ ನಮಗಾರಿಗೂ ಇಲ್ಲ. ಆದರೆ ಅರುಣಾ ಸ್ವತಃ ಏನು ಬಯಸುತ್ತಿದ್ದರು ಎಂಬುದಕ್ಕೆ ಆ ಪ್ರೀತಿ ಪುರಾವೆಯಾಗುತ್ತದೆಯೇ? ಪ್ರೀತಿಸುವವರು ಒಳಗೆ ಬಂದು ಮಾತಾಡಬೇಕು, ನಿಜ. ಅವರು ಆಡುವ ಮಾತು ತಮ್ಮ ಆಸೆಯದೋ ರೋಗಿಯ ಇಚ್ಛೆಯದೋ ಎಂದು ಬಿಡಿಸಿ ಕೇಳುವವರೊಬ್ಬರೂ ಬೇಕು.

ಈಗ ನನ್ನ ವಾದಕ್ಕೇ ಪೆಟ್ಟು ಕೊಡುವ ಸಂಗತಿಗೆ ಬರುತ್ತೇನೆ. ಹತ್ತಿರದವರ ಸಾಕ್ಷಿ ಎಷ್ಟು ಸರಿ? ಹೀಗಾದರೆ ನಿಮಗೆ ಯಾವ ಚಿಕಿತ್ಸೆ ಬೇಕು ಎಂದು ರೋಗಿಯನ್ನೂ, ಅವರಿಗೆ ಏನು ಬೇಕೆನ್ನಬಹುದು ಎಂದು ಮನೆಯವರನ್ನೂ ಬೇರೆಬೇರೆ ಕೇಳಿ ತಾಳೆ ನೋಡುವ ಅಧ್ಯಯನಗಳಿವೆ. ಅವುಗಳಲ್ಲಿ 16ನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ ಮನೆಯವರ ಊಹೆ ಸರಿಯಾದದ್ದು ಶೇ. 68ರಷ್ಟು. ಮೂರರಲ್ಲಿ ಒಂದು ಸಲ ತಪ್ಪು. ರೋಗಿಯೇ ಆರಿಸಿಕೊಂಡ ಪ್ರತಿನಿಧಿಯಾದರೂ ಊಹೆ ಹೆಚ್ಚು ನಿಖರವಾಗಿರಲಿಲ್ಲ.

ಇದನ್ನು ಓದಿ, ಹಾಗಾದರೆ ಮನೆಯವರನ್ನು ಕೇಳುವುದೇ ವ್ಯರ್ಥ ಎನ್ನುವವರಿದ್ದಾರೆ. ಅವರಿಗೆ ಉತ್ತರ 1992ರ ಇನ್ನೊಂದು ಅಧ್ಯಯನದಲ್ಲಿದೆ. ಡಯಾಲಿಸಿಸ್‌ನಲ್ಲಿದ್ದ 150 ಜನರನ್ನು ಕೇಳಿದರು: ಮುಂದೆ ನಿಮಗೆ ಬುದ್ಧಿ ಮಂಕಾದಾಗ, ನೀವು ಈಗ ಹೇಳಿಟ್ಟದ್ದನ್ನು ಮೀರಿ ನಡೆಯುವ ಸ್ವಾತಂತ್ರ್ಯ ನಿಮ್ಮ ಪ್ರತಿನಿಧಿಗೂ ಡಾಕ್ಟರಿಗೂ ಎಷ್ಟಿರಬೇಕು? ಸ್ವಲ್ಪವೂ ಬೇಡ ಎಂದವರು ಶೇ. 39. ಪೂರ್ತಿ ಇರಲಿ ಎಂದವರು ಶೇ. 31. ಉಳಿದವರು ನಡುವೆ. ನನ್ನ ಮಾತೇ ಅಕ್ಷರಶಃ ನಡೆಯಲಿ ಎನ್ನುವವರಷ್ಟೇ ಅಲ್ಲ, ನನ್ನವರಿಗೆ ಸರಿ ಕಂಡದ್ದು ನನಗೂ ಸರಿ ಎನ್ನುವವರೂ ಲೋಕದಲ್ಲಿದ್ದಾರೆ. ಇದೂ ಒಂದು ಇಚ್ಛೆಯೇ. ನಾವು ಯಾವ ಚಿಕಿತ್ಸೆ ಬೇಕೆಂದು ಕೇಳುತ್ತೇವೆ, ನಿಮ್ಮ ಮಾತನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಕೇಳುವುದಿಲ್ಲ. ಎರಡನೆಯದೇ ಹೆಚ್ಚು ಉಪಯೋಗದ ಪ್ರಶ್ನೆ ಎಂದು ನನಗನಿಸುತ್ತದೆ.

ಇನ್ನು ಡಾಕ್ಟರರ ಕಡೆ. ದೇಶಗಳು ಇಲ್ಲಿ ಒಂದೊಂದು ದಾರಿ ಹಿಡಿದಿವೆ. ಫ್ರಾನ್ಸಿನಲ್ಲಿ ಕೊನೆಯ ನಿರ್ಧಾರ ವೈದ್ಯರದು. ಇತರ ವೈದ್ಯರೊಂದಿಗೆ ಚರ್ಚಿಸಿ, ಕುಟುಂಬದವರ ಅಭಿಪ್ರಾಯ ಕೇಳಿ, ಅವರು ನಿರ್ಧರಿಸುತ್ತಾರೆ. ಇಂಗ್ಲೆಂಡಿನಲ್ಲಿ ರೋಗಿಯ ಒಟ್ಟು ಹಿತ ಯಾವುದು ಎಂಬುದೇ ಅಳತೆ, ಮತ್ತು ಆ ಅಳತೆಯಲ್ಲಿ ರೋಗಿಯ ಹಿಂದಿನ ಆಸೆ, ನಂಬಿಕೆಗಳು ಸೇರುತ್ತವೆ. ಡಾಕ್ಟರಿಗೂ ಮನೆಯವರಿಗೂ ಒಮ್ಮತವಿದ್ದರೆ ಕೋರ್ಟಿಗೆ ಹೋಗುವ ಅಗತ್ಯವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಒಂಟಾರಿಯೊದ ಪ್ರಕರಣವೊಂದರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಇದರ ವಿರುದ್ಧ ದಿಕ್ಕಿಗೆ ಹೋಯಿತು: ಪ್ರತಿನಿಧಿಯ ಒಪ್ಪಿಗೆಯಿಲ್ಲದೆ ಡಾಕ್ಟರು ವೆಂಟಿಲೇಟರ್ ತೆಗೆಯುವಂತಿಲ್ಲ, ಒಪ್ಪದಿದ್ದರೆ ಅದಕ್ಕೆಂದೇ ಇರುವ ಮಂಡಳಿಯ ಮುಂದೆ ಹೋಗಬೇಕು. ಭಾರತದಲ್ಲಿ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್ಲಿಗೆ, ಅಂದರೆ ಮುಂದೆ ಪ್ರಜ್ಞೆ ತಪ್ಪಿದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ, ಮಾನ್ಯತೆ ಕೊಟ್ಟಿತು. ಆದರೆ ಹಾಕಿದ ಷರತ್ತುಗಳು ಎಷ್ಟು ಕಠಿಣವಾಗಿದ್ದವೆಂದರೆ ಹಕ್ಕು ಕಾಗದದ ಮೇಲೆ ಉಳಿಯಿತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ವಿಲ್ ಇಲ್ಲದಿದ್ದರೆ ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳೂ ಹತ್ತಿರದ ಸಂಬಂಧಿಕರೂ ಸೇರಿ ಒಪ್ಪಬೇಕು.

ಕಾನೂನು ಏನೇ ಇರಲಿ, ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ನಡೆಯುವುದು ಬೇರೆ. "ಎಲ್ಲ ಮಾಡಬೇಕಾ, ನಿಲ್ಲಿಸಬೇಕಾ, ನೀವೇ ಹೇಳಿ" ಎನ್ನುತ್ತಾರೆ ಡಾಕ್ಟರು. ನಿದ್ದೆಗೆಟ್ಟ ಮಗಳು, "ಎಲ್ಲ ಮಾಡಿ ಡಾಕ್ಟ್ರೇ" ಎನ್ನುತ್ತಾಳೆ. ಇನ್ನೇನು ಹೇಳಿಯಾಳು? "ನಿಲ್ಲಿಸಿ" ಎಂದರೆ ತಾನೇ ಕೊಂದ ಹಾಗೆ ಅವಳಿಗೆ ಕೇಳಿಸುತ್ತದೆ. ಇದನ್ನು ರೋಗಿಯ ಕಡೆಯವರ ಸ್ವಾತಂತ್ರ್ಯಕ್ಕೆ ಕೊಟ್ಟ ಗೌರವ ಎಂದು ಕರೆಯುವವರಿದ್ದಾರೆ. ನಾನು ಇದನ್ನು ಜವಾಬ್ದಾರಿ ಜಾರಿಸುವುದು ಎನ್ನುತ್ತೇನೆ. ಬೇರೆಯವರ ಪರವಾಗಿ ಇಂಥ ನಿರ್ಧಾರ ತೆಗೆದುಕೊಂಡವರಲ್ಲಿ ಮೂರನೇ ಒಂದು ಭಾಗವಾದರೂ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಮನಸ್ಸಿನ ಭಾರ ಹೊರುತ್ತಾರೆ ಎಂದು 2011ರ ಪರಾಮರ್ಶೆಯೊಂದು ಕಂಡುಕೊಂಡಿತು. ನಾವು ಸರಿ ಮಾಡಿದೆವೋ ಇಲ್ಲವೋ ಎಂಬ ಕೊರೆತ.

ಕೇಳುವ ರೀತಿ ಬದಲಾದರೆ ಭಾರವೂ ಬದಲಾಗುತ್ತದೆ. "ಅವರು ಈ ಕುರ್ಚಿಯಲ್ಲಿ ಕೂತು ತಮ್ಮದೇ ರಿಪೋರ್ಟು ನೋಡುತ್ತಿದ್ದರೆ ಏನನ್ನುತ್ತಿದ್ದರು?" ಎಂದು ಕೇಳಿದರೆ ಮಗಳು ಅಪ್ಪನ ಬಗ್ಗೆ ಮಾತಾಡತೊಡಗುತ್ತಾಳೆ. ಅದನ್ನು ಕೇಳಿಸಿಕೊಂಡು, "ಹಾಗಿದ್ದರೆ ನಿಲ್ಲಿಸುವುದು ಸರಿ ಎಂದು ನನ್ನ ಸಲಹೆ" ಎಂದು ಡಾಕ್ಟರು ತಮ್ಮ ಬಾಯಿಂದ ಹೇಳಬೇಕು. ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ಗುಂಪಿನ ಕುಟುಂಬಗಳ ಜೊತೆ ವಾಡಿಕೆಯ ಮಾತುಕತೆ; ಇನ್ನೊಂದು ಗುಂಪಿನ ಜೊತೆ ಅವರ ಮಾತು ಕೇಳಿಸಿಕೊಳ್ಳುವ, ರೋಗಿ ಎಂಥವರೆಂದು ತಿಳಿದುಕೊಳ್ಳುವ ಮಾತುಕತೆ, ಜೊತೆಗೊಂದು ಕಿರುಪುಸ್ತಿಕೆ. ಮೊದಲ ಗುಂಪಿನ ಮನೆಯವರು ಮಾತಾಡಿದ್ದು ಸುಮಾರು 5 ನಿಮಿಷ, ಎರಡನೆಯ ಗುಂಪಿನವರು 14 ನಿಮಿಷ. 90 ದಿನಗಳ ನಂತರ ಮಾನಸಿಕ ಆಘಾತದ ಲಕ್ಷಣಗಳು ಮೊದಲಿನವರಲ್ಲಿ ಶೇ. 69, ಎರಡನೆಯವರಲ್ಲಿ ಶೇ. 45.

ಡಾಕ್ಟರೇ ಎಲ್ಲ ತೀರ್ಮಾನಿಸಲಿ ಎಂದು ಇದರ ಅರ್ಥವಲ್ಲ. ಪ್ರಜ್ಞೆ ಮರಳುತ್ತದೆಯೇ, ಎಷ್ಟು ಮರಳಬಹುದು ಎಂಬುದು ಅವರ ವಿದ್ಯೆ. ಅಷ್ಟು ಮರಳಿದ ಬದುಕು ಬದುಕಲು ಯೋಗ್ಯವೇ ಎಂಬುದು ಅವರ ವಿದ್ಯೆಯಲ್ಲಿಲ್ಲ. ಆರೋಗ್ಯವಂತರ ಕಣ್ಣಿಗೆ ಅಸಹನೀಯವಾಗಿ ಕಾಣುವ ಸ್ಥಿತಿಯಲ್ಲಿ ನೆಮ್ಮದಿಯಾಗಿರುವ ಅಂಗವಿಕಲರು ಎಷ್ಟೋ ಮಂದಿ. ತಮ್ಮ ಬದುಕು ಯೋಗ್ಯವಲ್ಲ ಎಂದು ಬೇರೆಯವರು ತೀರ್ಮಾನಿಸಿಬಿಟ್ಟಾರು ಎಂಬ ಅವರ ಭಯಕ್ಕೆ ಕಾರಣವಿದೆ.

ಮನೆಯವರಲ್ಲೇ ಜಗಳವಾದರೆ? ಟೆರ್ರಿ ಶೈವೊ ಪ್ರಕರಣದಲ್ಲಿ ಗಂಡ ಒಂದು ಕಡೆ, ತಂದೆ ತಾಯಿ ಇನ್ನೊಂದು ಕಡೆ; ನಳಿಕೆ ಮೂರು ಸಲ ತೆಗೆದರು, ಎರಡು ಸಲ ಮತ್ತೆ ಹಾಕಿದರು, ಅಮೆರಿಕದ ಸಂಸತ್ತೇ ನಡುವೆ ಬಂತು, 2005ರ ಮಾರ್ಚ್ 31ರಂದು ಆಕೆ ತೀರಿಕೊಂಡರು. ಫ್ರಾನ್ಸಿನ ವಿನ್ಸೆಂಟ್ ಲ್ಯಾಂಬರ್ ಅವರದು ಇನ್ನೂ ಮನಸ್ಸು ಕಲಕುವ ಕಥೆ, ಏಕೆಂದರೆ ಅವರು ಸ್ವತಃ ನರ್ಸ್. ಇಂಥ ಸ್ಥಿತಿಗಳು ಅವರಿಗೆ ಅಪರಿಚಿತವಲ್ಲ. ತನಗೆ ಹೀಗೆ ಬದುಕುವುದು ಬೇಡ ಎಂದು ಅವರು ಹೇಳಿದ್ದರು ಎಂದು ಹೆಂಡತಿ ತಿಳಿಸಿದರು. ಆದರೆ ಬರೆದಿಟ್ಟಿರಲಿಲ್ಲ, ತನ್ನ ಪರವಾಗಿ ಯಾರನ್ನೂ ಹೆಸರಿಸಿರಲಿಲ್ಲ. 2008ರಲ್ಲಿ ಅಪಘಾತವಾಗಿತ್ತು. 2013ರಿಂದ 2019ರ ಜುಲೈ 11ರ ಸಾವಿನವರೆಗೆ ಹೆಂಡತಿಯೂ ಹೆತ್ತವರೂ ಕೋರ್ಟುಗಳಲ್ಲಿ ಎದುರುಬದುರಾಗಿ ನಿಂತರು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ.

ದೂರದಿಂದ ಕೊನೆಗೆ ಬಂದು ದೊಡ್ಡ ದನಿಯಲ್ಲಿ ಎಲ್ಲ ಮಾಡಿ ಎನ್ನುವ ಬಂಧುವಿಗೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1991ರಲ್ಲಿ ಹೆಸರೇ ಇಟ್ಟರು: ಕ್ಯಾಲಿಫೋರ್ನಿಯಾದಿಂದ ಬಂದ ಮಗಳು. ಕ್ಯಾಲಿಫೋರ್ನಿಯಾದ ಡಾಕ್ಟರುಗಳು ಅವಳನ್ನು ನ್ಯೂಯಾರ್ಕಿನ ಮಗಳು ಅನ್ನುತ್ತಾರಂತೆ. ನಗು ಬರುತ್ತದೆ, ಆದರೆ ಆ ಮಗಳಿಗೆ ಬೇಕಾದದ್ದು ಅಪ್ಪನ ಜೊತೆ ಕಳೆಯದ ವರ್ಷಗಳು. ಅವಳ ಹತ್ತಿರವೂ ಸಾಕ್ಷಿಯ ಪ್ರಶ್ನೆಯನ್ನೇ ಕೇಳಬೇಕು: ಅಪ್ಪ ನಿಮಗೆ ಏನು ಹೇಳಿದ್ದರು? ದನಿ ತಾನಾಗಿಯೇ ಇಳಿಯುತ್ತದೆ.

ದುಡ್ಡಿನ ಮಾತೂ ಇದೆ, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಬಿಲ್ಲು ಕಟ್ಟುವ ಮಗ ಸಾಕು ಎಂದರೆ ಅನುಮಾನ, ಬಿಲ್ಲು ಬರೆಯುವ ಆಸ್ಪತ್ರೆ ಮುಂದುವರಿಸೋಣ ಎಂದರೂ ಅನುಮಾನ. ಹಣ ಮುಗಿಯಿತು ಎಂದು ನೇರವಾಗಿ ಹೇಳುವುದರಲ್ಲಿ ಅವಮಾನವೇನಿಲ್ಲ. ಅದನ್ನು ಬಚ್ಚಿಟ್ಟು, ಅಪ್ಪನ ಆಸೆ ಇದೇ ಆಗಿತ್ತು ಎಂಬ ವೇಷ ಹಾಕಿಸಿದಾಗ ಸಾಕ್ಷಿ ಸುಳ್ಳಾಗುತ್ತದೆ.

ಕೊನೆಯದಾಗಿ, ಹತ್ತಿರದವರು ಯಾರೂ ಇಲ್ಲದವರ ವಿಷಯ. ಇಂಗ್ಲೆಂಡಿನ 2005ರ ಕಾಯ್ದೆ ಅಂಥವರಿಗಾಗಿ ರೋಗಿಯ ಪರ ಮಾತಾಡುವ ಒಬ್ಬ ಸ್ವತಂತ್ರ ವ್ಯಕ್ತಿಯನ್ನು ಒದಗಿಸುತ್ತದೆ. ಇವರು ಏನನ್ನೂ ನಿರ್ಧರಿಸುವುದಿಲ್ಲ. ರೋಗಿಯನ್ನು ಬಲ್ಲವರು ಯಾರಾದರೂ ಇದ್ದಾರೆಯೇ, ಅವರ ಆಸೆ, ನಂಬಿಕೆಗಳು ಏನಿದ್ದವು ಎಂದು ಹುಡುಕಿ, ದಾಖಲೆ ನೋಡಿ, ಡಾಕ್ಟರರ ಮುಂದಿಡುತ್ತಾರೆ; ಅವರ ವರದಿಯನ್ನು ಡಾಕ್ಟರು ಗಣನೆಗೆ ತೆಗೆದುಕೊಳ್ಳಲೇಬೇಕು. ಈ ಏರ್ಪಾಡನ್ನು ಯಾರೂ ಇಲ್ಲದವರಿಗೆ ಮಾತ್ರ ಏಕೆ ಮೀಸಲಿಡಬೇಕು? ಪ್ರತಿ ಐಸಿಯುನಲ್ಲೂ ಇಂಥ ಒಬ್ಬರಿದ್ದರೆ, ಹೆಂಡತಿ, ಮಕ್ಕಳು, ಗೆಳೆಯರು, ಜೊತೆಗೆ ಕೆಲಸ ಮಾಡಿದವರು, ಎಲ್ಲರನ್ನೂ ಬೇರೆಬೇರೆ ಕೂರಿಸಿ ಕೇಳಿ ಬರೆದುಕೊಂಡರೆ, ಡಾಕ್ಟರು ಸಹಿ ಹಾಕುವ ಹೊತ್ತಿಗೆ ಆ ಕಡತದಲ್ಲಿ ರಕ್ತದೊತ್ತಡ, ಸ್ಕ್ಯಾನ್‌ಗಳ ಜೊತೆ ಆ ಮನುಷ್ಯ ಎಂಥವರೆಂಬ ಎರಡು ಪುಟಗಳೂ ಇರುತ್ತವೆ. ಆಸ್ಪತ್ರೆಗಳನ್ನು ನಡೆಸುವವರು ಸಭೆಯಲ್ಲಿ ಇದ್ದೀರಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಬ್ಬರನ್ನು ನೇಮಿಸಿದರೆ ಸಾಕು.