ನೀವು ಕಣ್ಣಾರೆ ಕಂಡಿರೇನು?

(ಬಳ್ಳಾರಿಯಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. 1872ರ ಕಾಯ್ದೆ ಹೋಯಿತು, ಕಲಂ ನಂಬರುಗಳು ಬದಲಾದವು. ಬಾರ್ ರೂಮಿನಲ್ಲಿ ಇನ್ನೂ ಹಳೇ ನಂಬರಿನಲ್ಲೇ ವಾದ ನಡೆಯುತ್ತದೆ, ಅದಿರಲಿ. ಈ ನಿಯಮಗಳು ಯಾಕೆ ಬೇಕು ಅಂತ ಹೇಳೋಕೆ ನಾನು ಬಂದಿದ್ದೇನೆ. ಯಾಕಂದ್ರೆ ಎಲ್ಲಿ ಹೋದರೂ ಒಂದೇ ದೂರು: "ಕದ್ದವನು ಯಾರು ಅಂತ ಊರಿಗೆಲ್ಲ ಗೊತ್ತು. ನಿಮ್ಮ ಸಾಕ್ಷಿ ಕಾಯ್ದೆಯಿಂದ ಪಾರಾದ."

ಊರಿಗೆಲ್ಲ ಗೊತ್ತು! ಈ ಮಾತು ಕಟಕಟೆಗೆ ಬಂದರೆ ಏನಾಗುತ್ತದೆ, ಕೇಳಿ. ಸಿರುಗುಪ್ಪ ಕಡೆಯ ಒಂದು ಹಳ್ಳಿ. ಭತ್ತ ತೆನೆ ಬಿಡುವ ಹೊತ್ತಿಗೆ ಗದ್ದೆಯಿಂದ ಪಂಪ್‌ಸೆಟ್ ಮೋಟರ್ ಕಳುವಾಯಿತು. ಊರಿನವರ ಸಿಟ್ಟು ನಿಮಗೆ ಅರ್ಥವಾಗುತ್ತೆ ಅಲ್ವಾ? ಅನುಮಾನ ಹೋಗಿದ್ದು ಹೊರಗಿನಿಂದ ಕೂಲಿಗೆ ಬಂದಿದ್ದ ಹುಡುಗನ ಮೇಲೆ. ನಾನು ಅವನ ವಕೀಲ.

ಮೊದಲ ಸಾಕ್ಷಿ ಒಬ್ಬ ಹಿರಿಯರು, ಒಳ್ಳೆಯ ಮನುಷ್ಯ. "ಇವನಽ ಕದ್ದಾನ್ರೀ" ಅಂದರು. ಪಾಟೀಸವಾಲಿನಲ್ಲಿ ಕೇಳಿದೆ: "ಅಜ್ಜಾರ, ನೀವು ಕಣ್ಣಾರೆ ಕಂಡಿರೇನ್ರಿ?"

"ಇಲ್ರೀ. ಚಾದಂಗಡ್ಯಾಗ ಅಂದ್ರು."

"ಯಾರು ಅಂದ್ರು?"

ಒಂದು ಹೆಸರು ಹೇಳಿದರು. ಆ ಹೆಸರಿನವರೇ ಮುಂದಿನ ಸಾಕ್ಷಿ. ಅವರಿಗೂ ಅದೇ ಪ್ರಶ್ನೆ. "ನಾ ಎಲ್ಲಿ ಕಂಡೀನ್ರೀ? ಅಜ್ಜಾರಽ ಅಂದಿದ್ರಲ್ರೀ!"

ಕೋರ್ಟ್ ಹಾಲಿನಲ್ಲಿ ಎಲ್ಲರೂ ನಕ್ಕರು. ಹುಡುಗ ಮಾತ್ರ ಕಟಕಟೆಯ ಕಂಬಿ ಬಿಗಿಯಾಗಿ ಹಿಡಿದು ನಿಂತಿದ್ದ. ನೋಡಿ, ಇಬ್ಬರೂ ಸುಳ್ಳು ಹೇಳಲಿಲ್ಲ. ಅವರವರು ಕೇಳಿದ್ದನ್ನೇ ಹೇಳಿದರು. ಇಷ್ಟಕ್ಕೇ ಒಬ್ಬನ ಬದುಕು ಹಾಳಾಗಬಹುದಿತ್ತು.

ಅದಕ್ಕೇ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಂಡಿದ್ದನ್ನು ಕಂಡವರೇ ಬಂದು ಹೇಳಬೇಕು. ಬೆಳಕಿತ್ತಾ, ಎಷ್ಟು ದೂರ ಇದ್ದಿರಿ ಅಂತ ಅವರನ್ನು ಕೇಳಬಹುದು. ಅಲ್ಲಿ ಇಲ್ಲದವರನ್ನು ಏನು ಕೇಳೋಣ? ಮರಣಕಾಲದ ಹೇಳಿಕೆಗೆ ವಿನಾಯಿತಿ ಇದೆ. ಹೇಳಿದವರು ಕೋರ್ಟಿಗೆ ಬರುವ ಹಾಗಿಲ್ಲವಲ್ಲ.

"ಸ್ಟೇಷನ್‌ನಲ್ಲಿ ಒಪ್ಪಿಕೊಂಡಿದ್ದಾನಲ್ಲ ಸರ್" ಅಂತೀರಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ. ಹೊಸ ಕಾಯ್ದೆಯಲ್ಲಿ ಇದು ಕಲಂ 23. ಠಾಣೆಯೊಳಗೆ ಒಂಟಿಯಾಗಿ ಕೂತವನ ಬಾಯಿಂದ ಏನು ಬೇಕಾದರೂ ಹೊರಡಿಸಬಹುದು. "ಮೋಟರನ್ನು ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ" ಅಂತ ಹೇಳಿ, ಆ ಮಾತಿನಿಂದಲೇ ಮೋಟರ್ ಸಿಕ್ಕರೆ ಅಷ್ಟು ಮಾತ್ರ ನಡೆಯುತ್ತದೆ. "ನಾನೇ ಕದ್ದೆ" ಅನ್ನುವುದು ನಡೆಯುವುದಿಲ್ಲ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಎಳೆದ ಗೆರೆ ಇದು. ಆ ತೀರ್ಪನ್ನು ದಯವಿಟ್ಟು ಪೂರ್ತಿ ಓದಿ, ಗೈಡ್ ನೋಡಿ ಬಿಡಬೇಡಿ.

ನಮ್ಮ ಕೇಸಿನಲ್ಲಿ ಮೋಟರ್ ಸಿಕ್ಕಿದ್ದು ಎಲ್ಲರೂ ಓಡಾಡುವ ಕಣದಲ್ಲಿ. ಪಂಚರನ್ನು, ಅಂದ್ರೆ ಮಾಲು ಸಿಕ್ಕಿದ ಜಾಗದಲ್ಲೇ ನಿಂತು ನೋಡಿ ಸಹಿ ಹಾಕಬೇಕಾದ ಸಾಕ್ಷಿಗಳನ್ನು ಕೇಳಿದರೆ, ಪಂಚನಾಮೆಗೆ ಠಾಣೆಯಲ್ಲೇ ಸಹಿ ಹಾಕಿದೆವು ಅಂದರು. ಹುಡುಗ ಖುಲಾಸೆಯಾದ. ಕದ್ದವರು ಸಿಗಲಿಲ್ಲ, ಆ ಸಂಕಟ ನನಗೂ ಇದೆ. ಆದರೆ ಅದು ತನಿಖೆಯ ಸೋಲು. ಕಾಯ್ದೆಯನ್ನು ಸುಮ್ನೆ ಬೈಯಬೇಡಿ.

ಚೀಟಿ ಬಂದಿದೆ, ಟೈಮ್ ಆಯ್ತಂತೆ. ವ್ಯಾಪ್ತಿಯ ಬಗ್ಗೆ ಎರಡೇ ಮಾತು. ಅಫಿಡವಿಟ್‌ಗಳಿಗೆ, ಮಧ್ಯಸ್ಥಗಾರರ ಮುಂದಿನ ನಡಾವಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇಲಾಖಾ ವಿಚಾರಣೆಗೂ ಇಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ಇನ್ನು ಸಾಕ್ಷಿಗಳು ಇಷ್ಟೇ ಜನ ಇರಬೇಕು ಅಂತ ಲೆಕ್ಕವಿಲ್ಲ. ನಂಬುವಂಥ ಒಬ್ಬರಿದ್ದರೂ ಸಾಕು.

ಎಲೆಕ್ಟ್ರಾನಿಕ್ ದಾಖಲೆ ಬಗ್ಗೆ ಜಾಸ್ತಿ ಹೇಳಬೇಕಿತ್ತು. ವಾಟ್ಸಾಪ್ ಪ್ರಿಂಟ್ ತಂದರೆ ಆಗದು, ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಶ್ ವ್ಯಾಲ್ಯೂ, ಅಂದ್ರೆ ಫೈಲ್ ತಿದ್ದಿದರೆ ಬದಲಾಗಿಬಿಡುವ ಗುರುತಿನ ಸಂಕೇತ, ಇರಬೇಕು, ಪರಿಣತರ ಸಹಿಯೂ ಬೇಕು. ಕಕ್ಷಿದಾರ ಬಂದ ದಿನವೇ ಹೇಳಿ: ಫೋನ್ ಮಾರಬೇಡ, ಏನೂ ಡಿಲೀಟ್ ಮಾಡಬೇಡ. ಉಳಿದದ್ದು ಪ್ರಶ್ನೋತ್ತರದಲ್ಲಿ ನೋಡೋಣ. ಯಾರು ಕೇಳ್ತೀರಿ?