'ಮಿ ಮಾಂಕಿ': ಯಾರಿಗೆ ಯಾರು ಕಮ್ಮಿ?

ಇಟಲಿಯಲ್ಲಿರೋ ಗೆಳತಿಯಿಂದ ಎರಡೇ ಪದದ ಮೆಸೇಜ್: 'ಮಿ ಮಾಂಕಿ'. ಡಿಕ್ಷನರಿ ನೋಡಿ ಪದಕ್ಕೆ ಪದ ಇಂಗ್ಲಿಷ್ ಮಾಡಿದ್ರೆ 'ಯೂ ಮಿಸ್ ಮೀ' ಅಂತ ಬರುತ್ತೆ. ಅವಳು ಹೇಳಿದ್ದು 'ಐ ಮಿಸ್ ಯೂ'. ಪೂರ್ತಿ ಉಲ್ಟಾ! ಯಾಕೆ?

ಮೊದಲು ಕ್ರಿಯಾಪದದ ಬಾಲ ಹಿಡೀರಿ. ಮಾಂಕೊ ಅಂದ್ರೆ ನಾನು, ಮಾಂಕಿ ಅಂದ್ರೆ ನೀನು, ಮಾಂಕಾ ಅಂದ್ರೆ ಅವನು, ಅವಳು ಅಥವಾ ಅದು. ನಮ್ಮ 'ಬರ್ತೀನಿ, ಬರ್ತೀಯ' ಇದ್ದ ಹಾಗೇ. ಬರೆಯುವಾಗ 'ಮಾಂಕಿ'ಯಲ್ಲಿ ಸಿ ಆದ್ಮೇಲೆ ಎಚ್ ಬಿಡಬೇಡಿ, ಬಿಟ್ಟರೆ 'ಮಾಂಚಿ' ಅಂತ ಓದ್ತಾರೆ.

ಇನ್ನು 'ಮಿ'. ಇಲ್ಲಿ ಅದು 'ನನ್ನನ್ನು' ಅಲ್ಲ, 'ನನಗೆ'. ಎರಡನ್ನೂ ಸೇರಿಸಿ: ನನಗೆ ನೀನು ಕಮ್ಮಿ.

ಈ 'ಕಮ್ಮಿ' ಅನ್ನೋದನ್ನ ಸ್ವಲ್ಪ ನಿಂತು ನೋಡೋಣ, ನನಗೆ ತುಂಬಾ ಇಷ್ಟವಾದ ಜಾಗ ಇದು. ಸೂಪ್ ಸಪ್ಪೆ ಇದ್ರೆ ಇಟಲಿಯವರು 'ಮಾಂಕಾ ಇಲ್ ಸಾಲೆ' ಅಂತಾರೆ, ಉಪ್ಪು ಕಮ್ಮಿ. ಎರಡೂಮುಕ್ಕಾಲು ಗಂಟೆಗೆ 'ಮಾಂಕಾ ಉನ್ ಕ್ವಾರ್ತೊ ಆಲ್ಲೆ ತ್ರೆ', ಮೂರಕ್ಕೆ ಕಾಲು ಗಂಟೆ ಕಮ್ಮಿ. ಅಡುಗೆಗೆ ಉಪ್ಪು, ಗಂಟೆಗೆ ಹದಿನೈದು ನಿಮಿಷ, ನನಗೆ ನೀನು: ಮೂರಕ್ಕೂ ಒಂದೇ ಕ್ರಿಯಾಪದ. ಕೊರತೆ ಇರೋದು ನನ್ನಲ್ಲಿ, ಆದ್ರೆ ವಾಕ್ಯದ ಕರ್ತೃ ನೀನು. ಇಂಗ್ಲಿಷ್ ಕರ್ತೃವಿನ ಜಾಗಕ್ಕೆ 'ಐ' ತಂದು ಕೂರಿಸುತ್ತೆ, ಅಲ್ಲೇ ಅರ್ಥ ತಿರುಗಿ ಬೀಳೋದು. ಹಾಗೆ ನೋಡಿದ್ರೆ ಕನ್ನಡದವರಿಗೆ ನಡುವೆ ಇಂಗ್ಲಿಷ್ ಬೇಕಾಗೇ ಇಲ್ಲ. ಮಿ ಪ್ಯಾಚೆ, ನನಗೆ ಇಷ್ಟ. ಮಿ ಸೆರ್ವೆ, ನನಗೆ ಬೇಕು. ಮಿ ಬಾಸ್ತಾ, ನನಗೆ ಸಾಕು. 'ಗೆ' ಪ್ರತ್ಯಯ ಸಲೀಸಾಗಿ ಕೂರುತ್ತೆ.

ಟೈಮ್ ಆಗ್ತಿದೆ, ತಪ್ಪುಗಳನ್ನ ಬೇಗ ಮುಗಿಸ್ತೀನಿ. 'ಐ ಮಿಸ್ ಯೂ' ಅನ್ನೋದನ್ನ ಇಂಗ್ಲಿಷ್ ಕ್ರಮದಲ್ಲೇ ತಿರುಗಿಸಿ 'ತಿ ಮಾಂಕೊ' ಅಂದ್ರೆ, ನಾನಿಲ್ಲದೆ ನಿನಗೆ ಬೇಜಾರು ಅಂತ ನೀವೇ ಅವಳಿಗೆ ಹೇಳಿದ ಹಾಗೆ. ಭೂತಕಾಲದಲ್ಲಿ ಗೆಳತಿಗೆ 'ಮಿ ಸೇಯ್ ಮಾಂಕಾತಾ', ಗೆಳೆಯನಿಗೆ 'ಮಾಂಕಾತೊ'. ಕೊನೆಯ ಸ್ವರ ಕರ್ತೃವಿನ ಲಿಂಗಕ್ಕೆ ಹೊಂದಬೇಕು, ಹೇಳೋರು ಗಂಡಾದ್ರೂ ಹೆಣ್ಣಾದ್ರೂ ವ್ಯತ್ಯಾಸ ಇಲ್ಲ.

ಈಗ ಆ ಮೆಸೇಜಿಗೆ ಉತ್ತರ. 'ಮೀ ಟೂ' ಅನ್ನೋ ಅಭ್ಯಾಸದಲ್ಲಿ 'ಆಂಕೀಯೊ', ಅಂದ್ರೆ 'ನಾನೂ', ಅಂತ ಟೈಪ್ ಮಾಡಬೇಡಿ. ಅವಳು ಇಲ್ಲದ ಕೊರತೆ ನಿಮಗೆ, ಹಾಗಾಗಿ ಕರ್ತೃ ಅವಳು. 'ಆಂಕೆ ತೂ' ಅಂತ ಕಳಿಸಿ: ನೀನೂ ನನಗೆ ಕಮ್ಮಿ.